ಎಡಮೂಲೆಗೆ ಹೋಗುವ ಕೈ

ರಾಯಚೂರಿನ ಎಪಿಎಂಸಿ ಯಾರ್ಡಿಗೆ ಹತ್ತಿ ಬರುವ ಕಾಲದಲ್ಲಿ ಅಡತ್ ಅಂಗಡಿಯ ಗುಮಾಸ್ತರು ಪರದೆ ನೋಡುವುದೇ ಕಡಿಮೆ. ಕಣ್ಣು ತೂಕದ ಚೀಟಿಯ ಮೇಲಿರುತ್ತದೆ, ಕಿವಿ ಎದುರು ನಿಂತ ರೈತನ ಮಾತಿನ ಮೇಲೆ. ಮೌಸ್ ಹಿಡಿದ ಕೈ ಮಾತ್ರ ಯಾರ ಅಪ್ಪಣೆಗೂ ಕಾಯದೆ ಎಡ ಕೆಳಮೂಲೆಗೆ ಹೋಗಿ ಒತ್ತುತ್ತದೆ. ಹತ್ತು ಹದಿನೈದು ವರ್ಷ ಅದೇ ಕುರ್ಚಿಯಲ್ಲಿ ಕೂತು ಪಟ್ಟಿ ಬರೆದ ಕೈ ಅದು.

ವಿಂಡೋಸ್ 11 ಹಾಕಿದ ಮರುದಿನವೂ ಆ ಕೈ ಅದೇ ಮೂಲೆಗೆ ಹೋಗುತ್ತದೆ. ಅಲ್ಲಿ ಸ್ಟಾರ್ಟ್ ಬಟನ್ ಇರುವುದಿಲ್ಲ. ಹವಾಮಾನದ ಪುಟ್ಟ ಚಿತ್ರವೊಂದು ‘32 ಡಿಗ್ರಿ’ ಎಂದು ತೋರಿಸುತ್ತಿರುತ್ತದೆ. ಒತ್ತಿದ ಕೂಡಲೇ ಸುದ್ದಿ, ಕ್ರಿಕೆಟ್, ಜಾಹೀರಾತು ತುಂಬಿದ ಹಲಗೆಯೊಂದು ಪರದೆಯ ಎಡಭಾಗವನ್ನು ಮುಚ್ಚಿಬಿಡುತ್ತದೆ. ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ನಡೆಯುವ ಅಂಗಡಿಯಾದರೆ ಆ ಚಿತ್ರಗಳಿಗೇ ಡೇಟಾ ಖರ್ಚು. ‘ಇದೇನ್ರಿ ಇದು, ಮೊದಲಿನಂಗ ಮಾಡಿ ಕೊಡ್ರಿ’ ಎಂಬ ಮಾತು ಶುರುವಾಗುವುದು ಇಲ್ಲಿಂದಲೇ.

ಸ್ಟಾರ್ಟ್ ಬಟನ್ ಆ ಮೂಲೆಗೆ ಬಂದದ್ದು 1995ರ ಆಗಸ್ಟ್ 24ರಂದು, ವಿಂಡೋಸ್ 95ರ ಜೊತೆಗೆ. 2012ರಲ್ಲಿ ವಿಂಡೋಸ್ 8 ಅದನ್ನು ತೆಗೆದುಹಾಕಿತು. ಜನ ಒಪ್ಪಲಿಲ್ಲ, ಮರುವರ್ಷದ ಅಕ್ಟೋಬರಿನಲ್ಲಿ 8.1 ಅದನ್ನು ವಾಪಸು ತಂದು ಕೂರಿಸಿತು. 2021ರ ಅಕ್ಟೋಬರ್ 5ಕ್ಕೆ ಬಂದ ವಿಂಡೋಸ್ 11 ಅದನ್ನು ಪರದೆಯ ಕೆಳಗಿನ ಟಾಸ್ಕ್‌ಬಾರ್ ಪಟ್ಟಿಯ ನಡುವಿಗೆ ಸರಿಸಿತು. ಇಷ್ಟು ವರ್ಷ ಒಂದೇ ಜಾಗದಲ್ಲಿದ್ದ ಬಾಗಿಲು ಸರಿದಾಗ ಎಡವುವವರು ಆ ಮನೆಯಲ್ಲೇ ಬಾಳಿದವರು. ಹೊಸದಾಗಿ ಕಲಿಯುವ ಹುಡುಗನಿಗೆ ಬಟನ್ ಎಲ್ಲಿದ್ದರೂ ಒಂದೇ. ಹಾಗಾಗಿ ಹೊಸ ಆವೃತ್ತಿಯ ಮುಂದೆ ತಡವರಿಸುವ ಗುಮಾಸ್ತರನ್ನು ‘ಇವರಿಗೆ ಕಂಪ್ಯೂಟರ್ ಬರೋದಿಲ್ಲ’ ಎಂದು ತಳ್ಳಿಹಾಕುವುದು ದೊಡ್ಡ ತಪ್ಪು. ಕೆಲಸ ಕೈಗೆ ಇಳಿದಿರುವುದರಿಂದಲೇ ಅವರು ತಡವರಿಸುತ್ತಾರೆ. ಅಂಥ ಕೈಯ ರೂಢಿಯನ್ನು ಆದಷ್ಟು ಕೆಡಿಸದೆ ಹೊಸ ಯಂತ್ರಕ್ಕೆ ದಾಟಿಸುವುದು ಹೇಗೆ ಎಂಬುದೇ ಇಲ್ಲಿನ ಚಿಂತೆ.

ಮೊದಲು ಸುಲಭದ್ದು. ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಕೆಳಗಿರುವ ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ ಅಲೈನ್‌ಮೆಂಟ್ ಎಂಬುದನ್ನು ಸೆಂಟರ್‌ನಿಂದ ಲೆಫ್ಟ್‌ಗೆ ಬದಲಿಸಿ. ಬಟನ್ ಹಳೆಯ ಮೂಲೆಗೆ ಬಂದು ಕೂರುತ್ತದೆ. ಅದೇ ಪುಟದ ಮೇಲ್ಭಾಗದಲ್ಲಿ ವಿಜೆಟ್ಸ್ ಸ್ವಿಚ್ ಆಫ್ ಮಾಡಿದರೆ ಸುದ್ದಿಯ ಹಲಗೆಯ ಕಾಟ ತಪ್ಪುತ್ತದೆ. ಹತ್ತು ಬಿಲ್ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಇನ್ನೊಂದು ಬೇಕು: ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಎಂಬಲ್ಲಿ ನೆವರ್ ಆರಿಸಿ. ಆಗ ಪ್ರತಿ ಕಿಟಕಿಯ ಹೆಸರು ಕೆಳಗೆ ಬೇರೆಬೇರೆಯಾಗಿ ಕಾಣುತ್ತದೆ. ವಿಂಡೋಸ್ 11 ಬಂದಾಗ ಈ ಸೌಲಭ್ಯ ಇರಲಿಲ್ಲ, 2023ರಲ್ಲಿ ಮರಳಿ ಬಂತು. ಶುರುವಿನಲ್ಲಿ ಹಾಕಿಸಿಕೊಂಡು ‘ಇದು ಆಗೋದಿಲ್ಲ’ ಎಂದು ಕೈಬಿಟ್ಟವರು ಮತ್ತೊಮ್ಮೆ ನೋಡಬೇಕು.

‘ಮೈ ಕಂಪ್ಯೂಟರ್ ಹೋಗ್ಯದರಿ’ ಎನ್ನುವುದು ಎರಡನೆಯ ದೂರು. ಡೆಸ್ಕ್‌ಟಾಪಿನ ಮೇಲೆ ಅದನ್ನು ತರಲು ಪರ್ಸನಲೈಸೇಶನ್, ಥೀಮ್ಸ್, ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್ ದಾರಿ ಹಿಡಿದು ಕಂಪ್ಯೂಟರ್ ಮುಂದೆ ಟಿಕ್ ಹಾಕಬೇಕು. ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಈಗ ಹೋಮ್ ಎಂಬ ಪುಟ ಬರುತ್ತದೆ, ಡಿ ಡ್ರೈವ್ ಕಾಣುವುದಿಲ್ಲ. ಮೇಲಿನ ಮೂರು ಚುಕ್ಕಿ ಒತ್ತಿ ಆಪ್ಷನ್ಸ್ ತೆರೆದು, ಓಪನ್ ಫೈಲ್ ಎಕ್ಸ್‌ಪ್ಲೋರರ್ ಟು ಎಂಬಲ್ಲಿ ದಿಸ್ ಪಿಸಿ ಮಾಡಿ. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು. ಈ ಐದು ನಿಮಿಷವನ್ನು ಮೊದಲ ದಿನವೇ ಕೊಟ್ಟರೆ ಮುಂದಿನ ಅರ್ಧ ಜಗಳ ಇಲ್ಲವಾಗುತ್ತದೆ.

ಆದರೆ ಎಲ್ಲವನ್ನೂ ಹಳೆಯದಕ್ಕೆ ತಿರುಗಿಸುವ ಹಟ ಬೇಡ. ಹಳೆಯ ಮುಖ ತೊಡಿಸುವ ಸಣ್ಣ ತಂತ್ರಾಂಶಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಅವು ವಿಂಡೋಸಿನ ಒಳಗಿನ ಭಾಗಗಳಿಗೆ ತೇಪೆ ಹಾಕಿ ನಡೆಯುವಂಥವು. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಆ ತೇಪೆಯನ್ನು ಕಿತ್ತರೆ ಟಾಸ್ಕ್‌ಬಾರೇ ಕಾಣದೆ ಹೋಗಬಹುದು. ಮನೆಯ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಿಕೊಳ್ಳಿ. ರೈತನಿಗೆ ದುಡ್ಡು ಎಣಿಸಿ ಕೊಡಬೇಕಾದ ಟೇಬಲ್ಲಿನ ಮೇಲೆ ಬೇಡ.

ರೈಟ್ ಕ್ಲಿಕ್ ಮೆನುವನ್ನು ಹೊಸದಾಗಿಯೇ ಕಲಿಯುವುದು ಒಳ್ಳೆಯದು. ಕಟ್, ಕಾಪಿ, ಪೇಸ್ಟ್, ರೀನೇಮ್, ಡಿಲೀಟ್ ಎಲ್ಲವೂ ಪದಗಳ ಸಾಲಿನಿಂದ ಮೇಲೆದ್ದು ಮೆನುವಿನ ತುದಿಯಲ್ಲಿ ಚಿತ್ರಗಳಾಗಿವೆ. 2024ರ ಅಕ್ಟೋಬರಿನಲ್ಲಿ ಬಂದ 24ಎಚ್2 ಆವೃತ್ತಿಯಲ್ಲಿ ಆ ಚಿತ್ರಗಳ ಕೆಳಗೆ ಹೆಸರೂ ಬಂದಿದೆ. ಹಳೆಯ ಉದ್ದ ಮೆನು ಬೇಕೇ ಬೇಕಾದಾಗ ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿದರೆ ನೇರವಾಗಿ ಅದೇ ತೆರೆಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕೀಲಿಮಣೆ. ಗುಂಡಿಗಳು ಇಷ್ಟು ಆವೃತ್ತಿಗಳಲ್ಲಿ ಎಲ್ಲೆಲ್ಲೋ ಓಡಾಡಿದರೂ ಕೀಲಿಗಳು ಜಾಗ ಬಿಟ್ಟಿಲ್ಲ. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲುಗಳು, ಆರ್ ಒತ್ತಿದರೆ ರನ್ ಪೆಟ್ಟಿಗೆ, ಆಲ್ಟ್ ಜೊತೆ ಟ್ಯಾಬ್ ಒತ್ತಿದರೆ ಕಿಟಕಿಯಿಂದ ಕಿಟಕಿಗೆ, ಎಫ್2 ಒತ್ತಿದರೆ ಹೆಸರು ಬದಲು. ಎಕ್ಸ್‌ಪಿ ಕಾಲದಲ್ಲಿ ಕಲಿತವರಿಗೆ ಇವತ್ತಿಗೂ ಇವೇ ನಡೆಯುತ್ತವೆ. ರನ್ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಕಂಟ್ರೋಲ್ ಎಂದು ಬರೆದು ಎಂಟರ್ ಹೊಡೆದರೆ ಹಳೆಯ ಕಂಟ್ರೋಲ್ ಪ್ಯಾನೆಲ್ ಈಗಲೂ ತೆರೆಯುತ್ತದೆ. ಸಿಬ್ಬಂದಿಗೆ ಹೊಸ ಯಂತ್ರ ಕಲಿಸುವಾಗ ಮೌಸಿನ ದಾರಿಗಿಂತ ಮೊದಲು ಇಂಥ ಏಳೆಂಟು ಕೀಲಿಗಳನ್ನು ರೂಢಿ ಮಾಡಿಸಿ; ಮುಂದೆ ಇನ್ನೊಂದು ವಿಂಡೋಸ್ ಬಂದರೂ ಈ ಕಲಿಕೆ ವ್ಯರ್ಥವಾಗದು.

ಇನ್ನು ಬದಲಾವಣೆ ಮಾಡುವ ಬಗೆ. ನಮ್ಮ ಕಡೆ ಕಂಪ್ಯೂಟರಿಗೆ ಏನೇ ಆದರೂ ಮೊದಲ ಮಾತು ‘ಫಾರ್ಮ್ಯಾಟ್ ಹೊಡೀರಿ’. ಹೊಸ ವಿಂಡೋಸ್ ಎಂದರೂ ಫಾರ್ಮ್ಯಾಟ್, ವೈರಸ್ ಎಂದರೂ ಫಾರ್ಮ್ಯಾಟ್. ನಡೆಯುತ್ತಿರುವ ಅಂಗಡಿಯ ಕಂಪ್ಯೂಟರಿಗೆ ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಫಾರ್ಮ್ಯಾಟ್ ಮಾಡಿದಾಗ ಹೋಗುವುದು ಫೈಲುಗಳಷ್ಟೇ ಅಲ್ಲ. ಪ್ರಿಂಟರಿಗೆ ಬರೆದಿಟ್ಟ ಕಾಗದದ ಅಳತೆ, ತೂಕದ ಕಾಟಾಕ್ಕೆ ಕೊಟ್ಟ ಪೋರ್ಟ್ ಸಂಖ್ಯೆ, ಕನ್ನಡ ಬರೆಯುವ ನುಡಿ ತಂತ್ರಾಂಶದ ಫಾಂಟುಗಳು, ದಿನಾಂಕದ ರೀತಿ ಎಲ್ಲವೂ ಹೋಗುತ್ತವೆ. ಇವು ಯಾವ ಬ್ಯಾಕಪ್ಪಿನಲ್ಲೂ ಇರುವುದಿಲ್ಲ, ಏಕೆಂದರೆ ಇವು ಇವೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ವಿಂಡೋಸ್ 10 ಇರುವಾಗಲೇ ಅದರ ಒಳಗಿನಿಂದ ಸೆಟಪ್ ಓಡಿಸಿ 11ಕ್ಕೆ ಏರಿದರೆ ಇವುಗಳಲ್ಲಿ ಬಹುಪಾಲು ಇದ್ದಂತೆಯೇ ಉಳಿಯುತ್ತವೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸುವುದಿದ್ದರೂ ಮೊದಲು ಇದ್ದದ್ದನ್ನು ಹಾಗೆಯೇ ಕ್ಲೋನ್ (ಪೂರ್ತಿ ನಕಲು) ಮಾಡಿಸಿ, ಆಮೇಲೆ ಮೇಲೇರಿ. ಎಸ್‌ಎಸ್‌ಡಿ ಮಾತ್ರ ಬೇಕೇ ಬೇಕು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಕೂರಿಸುವುದು ಎತ್ತಿಗೆ ಲಾರಿ ಹೊರೆ ಹೇರಿದಂತೆ.

ಏರಲು ಬರುತ್ತದೆಯೇ ಎಂದು ತಿಳಿಯುವುದು ಕಷ್ಟವಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಪ್ರೊಸೆಸರ್ ಸಾಲು ಓದಿ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಮುಂದಿನದು ಬೇಕು. ಐ5-7400 ಎಂದಿದ್ದರೆ ಗೆರೆಯ ನಂತರದ ಮೊದಲ ಅಂಕಿ 7, ಅಂದರೆ 7ನೇ ತಲೆಮಾರು, ನಡೆಯದು. ಐ3-8100 ನಡೆಯುತ್ತದೆ. ಐ3-10100ರಲ್ಲಿ ತಲೆಮಾರು 10. ಎಎಂಡಿಯಲ್ಲಿ ಸಾಮಾನ್ಯವಾಗಿ ರೈಜನ್ 2000 ಸರಣಿಯಿಂದ ಮೇಲೆ. ಅದೇ ಪುಟದ ಸಿಸ್ಟಮ್ ಟೈಪ್ ಸಾಲಿನಲ್ಲಿ 32 ಬಿಟ್ ಎಂದಿದ್ದರೆ ಒಳಗಿನಿಂದ ಏರಲು ಬರುವುದಿಲ್ಲ, ಏಕೆಂದರೆ ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. ರ‍್ಯಾಮ್ 4 ಜಿಬಿ ಸಾಕೆಂದು ಕಂಪನಿಯ ಪಟ್ಟಿ ಹೇಳುತ್ತದೆ. ಲೆಕ್ಕದ ತಂತ್ರಾಂಶ ಟ್ಯಾಲಿ, ಬ್ರೌಸರ್ ಎರಡನ್ನೂ ತೆರೆದಿಡುವವರು 8 ಜಿಬಿಗೆ ಕಡಿಮೆ ಇಟ್ಟುಕೊಳ್ಳಬಾರದು. ವಿಂಡೋಸ್ 11 ಕೇಳುವ ಭದ್ರತಾ ಭಾಗ ಟಿಪಿಎಂ 2.0 ಇಲ್ಲ ಎಂದು ತೋರಿಸಿದರೆ ಗಾಬರಿಯಾಗಬೇಡಿ. ಜೋಡಿಸಿದ ಕಂಪ್ಯೂಟರುಗಳಲ್ಲಿ ಅದು ಇದ್ದೂ ಮುಚ್ಚಿರುತ್ತದೆ. ಬಯೋಸ್ (ವಿಂಡೋಸಿಗೂ ಮುಂಚೆ ಏಳುವ ಮೂಲ ಸೆಟ್ಟಿಂಗಿನ ಪರದೆ) ಒಳಗೆ ಇಂಟೆಲ್ಲಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ, ಆನ್ ಮಾಡಿದರೆ ಆಯಿತು. ಡಿಸ್ಕಿನ ವಿಭಾಗಗಳು ಹಳೆಯ ಎಂಬಿಆರ್ ವಿಧಾನದಲ್ಲಿದ್ದರೆ ವಿಂಡೋಸ್ ಜೊತೆಗೇ ಇರುವ ಎಂಬಿಆರ್-ಟು-ಜಿಪಿಟಿ ಸಾಧನ ಡೇಟಾ ಅಳಿಸದೆ ಬದಲಿಸಿ ಕೊಡುತ್ತದೆ. ಬ್ಯಾಕಪ್ ಇಟ್ಟುಕೊಂಡೇ ಮಾಡಿ. ಬದಲಿಸಿದ ಮೇಲೆ ಬಯೋಸಿನಲ್ಲಿ ಲೆಗಸಿ ತೆಗೆದು ಯುಇಎಫ್‌ಐ ಮಾಡದಿದ್ದರೆ ಕಂಪ್ಯೂಟರ್ ಏಳುವುದಿಲ್ಲ. ಅದನ್ನು ನೋಡಿ ‘ಡಿಸ್ಕ್ ಹೋಯ್ತು’ ಎಂದು ಮತ್ತೆ ಫಾರ್ಮ್ಯಾಟಿಗೆ ಕೈಹಾಕಬೇಡಿ.

ಏರಲು ಬಾರದ ಯಂತ್ರವನ್ನು ಅಡ್ಡದಾರಿಯಲ್ಲಿ ಏರಿಸುವವರೂ ಇದ್ದಾರೆ. ಅದು ನಡೆಯುತ್ತದೆ ನಿಜ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ವರ್ಷದ ದೊಡ್ಡ ಅಪ್‌ಡೇಟನ್ನು ಪ್ರತಿ ಸಲ ಕೈಯಿಂದಲೇ ಹಾಕಬೇಕಾಗುತ್ತದೆ. ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿಗೆ ಆ ದಾರಿ ಸಲ್ಲದು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಎಂದರೆ ಯಂತ್ರ ನಿಂತುಹೋಯಿತು ಎಂದಲ್ಲ, ಭದ್ರತೆಯ ತೇಪೆಗಳು ನಿಂತವು ಎಂದು. 22ಎಚ್2 ಆವೃತ್ತಿಯಲ್ಲಿದ್ದು ಮೈಕ್ರೋಸಾಫ್ಟ್ ಖಾತೆ ಇರುವ ಸ್ವಂತ ಕಂಪ್ಯೂಟರುಗಳಿಗೆ ಅಪ್‌ಡೇಟ್ ಪುಟದಲ್ಲೇ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ಆ ತೇಪೆಗಳು ಸಿಗುವಂತೆ ಮಾಡಿದ್ದಾರೆ. ಹಳೆಯ ಯಂತ್ರದವರಿಗೆ ಆ ಒಂದು ವರ್ಷ ದುಡ್ಡು ಹೊಂದಿಸಿಕೊಳ್ಳಲು ಸಿಕ್ಕ ವಾಯಿದೆ.

ಯಾವಾಗ ಮಾಡಬೇಕು ಎಂಬುದು ಹೇಗೆ ಮಾಡಬೇಕು ಎಂಬುದರಷ್ಟೇ ದೊಡ್ಡ ಪ್ರಶ್ನೆ. ಹತ್ತಿಯ ಸುಗ್ಗಿಯಲ್ಲಿ ಬೇಡ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಭತ್ತ ಬರುವ ತಿಂಗಳುಗಳಲ್ಲಿ ಬೇಡ. ತಿಂಗಳ 11 ಮತ್ತು 20ರ ಹಿಂದುಮುಂದು ಬೇಡ, ಜಿಎಸ್‌ಟಿ ರಿಟರ್ನಿನ ದಿನಗಳವು. ಮಾರ್ಚ್ ಕೊನೆಯ ಮಾತೇ ಬೇಡ. ಮುಂಗಾರು ಬಿತ್ತನೆಗೆ ರೈತರು ಹೊಲ ಸೇರಿದಾಗ ಯಾರ್ಡ್ ಬಣಗುಡುತ್ತದಲ್ಲ, ಜೂನ್ ಕೊನೆ, ಜುಲೈ, ಅದು ಸರಿಯಾದ ಹೊತ್ತು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಏರಿದ ಮೇಲೆ ಹಿಂದಕ್ಕೆ ಹೋಗಲು ವಿಂಡೋಸ್ ಕೊಡುವ ಅವಕಾಶ 10 ದಿನ. ಸಿಸ್ಟಮ್, ರಿಕವರಿ, ಗೋ ಬ್ಯಾಕ್. ಆ 10 ದಿನದಲ್ಲಿ ನಿಮ್ಮ ಕೆಲಸದ ಎಲ್ಲ ಬಗೆಗಳೂ ಒಂದೊಂದು ಸಲವಾದರೂ ನಡೆದುಹೋಗಬೇಕು: ಒಂದು ಬಿಲ್, ಒಂದು ತೂಕ, ಒಂದು ಇ-ವೇ ಬಿಲ್, ಒಂದು ಬ್ಯಾಂಕ್ ಪಾವತಿ. ತಿಂಗಳಿಗೊಮ್ಮೆ ಬರುವ ಕೆಲಸವನ್ನೂ ಸುಮ್ಮನೆ ಒಮ್ಮೆ ಮಾಡಿ ನೋಡಿ. ಡಿಸ್ಮ್ (DISM) ಎಂಬ ಆಜ್ಞೆಯಿಂದ ಈ ಅವಧಿಯನ್ನು 60 ದಿನದ ತನಕ ಹಿಗ್ಗಿಸಬಹುದು, ಆದರೆ ಅದನ್ನು ಮೊದಲ 10 ದಿನದೊಳಗೇ ಮಾಡಬೇಕು. ಹಳೆಯದೆಲ್ಲ ಇರುವುದು ಸಿ ಡ್ರೈವಿನ ವಿಂಡೋಸ್.ಓಲ್ಡ್ ಫೋಲ್ಡರಿನಲ್ಲಿ. ಜಾಗ ಮಾಡಲೆಂದು ಯಾರಾದರೂ ಡಿಸ್ಕ್ ಕ್ಲೀನ್ ಮಾಡಿ ಅದನ್ನು ಅಳಿಸಿದರೆ ಹಿಂದಿನ ದಾರಿ ಅಲ್ಲಿಗೇ ಮುಚ್ಚಿತು.

ಕರೆಂಟಿನ ವಿಷಯ ಬಳ್ಳಾರಿ, ರಾಯಚೂರಿನವರಿಗೆ ಹೇಳಬೇಕಿಲ್ಲ. ಟೇಬಲ್ ಕೆಳಗಿನ 600 ವಿಎ ಯುಪಿಎಸ್ ಕಂಪ್ಯೂಟರನ್ನು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ ಹಿಡಿದೀತು. ನೀಲಿ ಅಥವಾ ಕಪ್ಪು ಪರದೆಯಲ್ಲಿ ಶೇಕಡಾ ಏರುತ್ತಾ ಮತ್ತೆಮತ್ತೆ ರೀಸ್ಟಾರ್ಟ್ ಆಗುವ ಹಂತ ಎಸ್‌ಎಸ್‌ಡಿಯಲ್ಲೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇನ್ವರ್ಟರ್ ಇರುವ ಲೈನಿಗೆ ಜೋಡಿಸಿ, ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಶುರು ಮಾಡಿ. 8 ಜಿಬಿ ಪೆನ್‌ಡ್ರೈವಿನಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಮೂಲಕ ಒಮ್ಮೆ ಇಳಿಸಿಟ್ಟುಕೊಂಡರೆ ನಾಲ್ಕು ಕಂಪ್ಯೂಟರಿಗೆ ನಾಲ್ಕು ಸಲ ಡೇಟಾ ಸುಡಬೇಕಿಲ್ಲ.

ಈಗ ಕಾಟಾದ ಕಂಪ್ಯೂಟರ್. ಗಿರಣಿ, ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಇಂಡಿಕೇಟರಿನಿಂದ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬಂದು, ಯುಎಸ್‌ಬಿಗೆ ಬದಲಿಸುವ ನೀಲಿ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಸೇರುತ್ತದೆ. ವಿಂಡೋಸ್ 11 ಹಾಕಿದ ಮೇಲೆ ಲಾರಿ ಕಾಟಾದ ಮೇಲೆ ನಿಂತಿದ್ದರೂ ಪರದೆಯಲ್ಲಿ ಸೊನ್ನೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು ಪೋರ್ಟ್ಸ್ ಸಾಲು ಬಿಚ್ಚಿ ನೋಡಿ. ಹಳದಿ ತ್ರಿಕೋನದ ಪಕ್ಕ ‘ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012’ ಎಂಬ ಸಾಲಿದ್ದರೆ ಕಾರಣ ಸಿಕ್ಕಿತು. ಆ ಕೇಬಲ್ಲಿನ ಚಿಪ್ ಹಳೆಯದು ಇಲ್ಲವೇ ನಕಲು. ಹೊಸ ಡ್ರೈವರ್ ಅದನ್ನು ಬೇಕೆಂದೇ ನಿರಾಕರಿಸುತ್ತದೆ. ಕೇಬಲ್ ಕೆಟ್ಟಿಲ್ಲ, ಕಾಟಾವೂ ಕೆಟ್ಟಿಲ್ಲ. ಅದೇ ಸಾಲಿನ ಮೇಲೆ ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್ ಎಂಬ ದಾರಿಯಲ್ಲಿ ಪಟ್ಟಿಯಲ್ಲಿರುವ ಹಳೆಯ ಡ್ರೈವರ್ ಆರಿಸಿದರೆ ಸಾಮಾನ್ಯವಾಗಿ ಜೀವ ಬರುತ್ತದೆ, ಆದರೆ ಮುಂದಿನ ಅಪ್‌ಡೇಟ್ ಮತ್ತೆ ಹೊಸದನ್ನು ತಂದು ಕೂರಿಸಬಹುದು. ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಹೊಸ ಕೇಬಲ್ ತಂದುಬಿಡುವುದೇ ನೆಮ್ಮದಿ.

ಹೊಸ ಕೇಬಲ್ ಹಾಕಿದಾಗ ಎರಡನೆಯ ಗಂಟು ಎದುರಾಗುತ್ತದೆ. ತೂಕದ ತಂತ್ರಾಂಶ ಕಾಮ್ 3 ಎಂಬ ಪೋರ್ಟ್ ಕೇಳುತ್ತಿರುತ್ತದೆ, ವಿಂಡೋಸ್ ಹೊಸ ಕೇಬಲ್ಲಿಗೆ ಕಾಮ್ 7 ಎಂದು ಹೆಸರಿಟ್ಟಿರುತ್ತದೆ. ಕೇಬಲ್ಲನ್ನು ಬೇರೆ ಯುಎಸ್‌ಬಿ ರಂಧ್ರಕ್ಕೆ ಚುಚ್ಚಿದರೂ ಸಂಖ್ಯೆ ಬದಲಾಗುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ಹೋಗಿ ಹಳೆಯ ಸಂಖ್ಯೆಯನ್ನೇ ಕೊಡಿ. ‘ಇನ್ ಯೂಸ್’ ಎಂದು ತೋರಿಸಿದರೂ, ಅದು ತೆಗೆದುಹಾಕಿದ ಹಳೆಯ ಕೇಬಲ್ಲಿನ ನೆರಳಾಗಿದ್ದರೆ ಧೈರ್ಯವಾಗಿ ಕೊಡಬಹುದು. ಬದಲಾವಣೆಗೆ ಮುಂಚೆಯೇ ಈ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ; ಪೋರ್ಟ್ ಸಂಖ್ಯೆ, ಬಾಡ್ ರೇಟ್ (ಸಂಕೇತ ಹರಿಯುವ ವೇಗ) 2400ರಲ್ಲಿತ್ತೋ 9600ರಲ್ಲಿತ್ತೋ, ಪ್ಯಾರಿಟಿ ಏನಿತ್ತು ಎಂಬುದು ಆ ಒಂದು ಫೋಟೋದಲ್ಲಿ ಉಳಿಯುತ್ತದೆ. ಆ ರಂಧ್ರಕ್ಕೆ ‘ಕಾಟಾ’ ಎಂದು ಚೀಟಿಯನ್ನೂ ಅಂಟಿಸಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ನಮ್ಮ ಯಾರ್ಡುಗಳ ಉಸಿರು. ಮೂರು ಪ್ರತಿ ಒಂದೇ ಏಟಿಗೆ ಬೇರೆ ಯಾವುದು ಕೊಡುತ್ತದೆ? ಫಾರ್ಮ್ಯಾಟ್ ಆದ ಮೇಲೆ ಅದರಲ್ಲಿ ಬರುವ ತೊಂದರೆ ಒಂದೇ ಬಗೆಯದು: ಮೊದಲ ಪಟ್ಟಿ ಸರಿ ಬರುತ್ತದೆ, ಎರಡನೆಯದು ಜಾಗ ತಪ್ಪುತ್ತದೆ, ಮೂರನೆಯದು ಹರಿಯುವ ಗೆರೆಯ ಮೇಲೆಯೇ. ಪ್ರಿಂಟರ್ ಕಾಗದವನ್ನು ಎ4 ಎಂದುಕೊಂಡಿರುತ್ತದೆ. 10 ಇಂಚು ಅಗಲ, 12 ಇಂಚು ಉದ್ದದ ಕಾಗದವನ್ನು ಅರ್ಧಕ್ಕೆ ಹರಿದರೆ ಆ ಅಳತೆ 10ಕ್ಕೆ 6 ಇಂಚು, ಸೆಂಟಿಮೀಟರಿನಲ್ಲಿ 25.4ಕ್ಕೆ 15.24. ಇದನ್ನು ವಿಂಡೋಸಿಗೆ ಹೇಳಿಕೊಡಬೇಕು. ಬ್ಲೂಟೂತ್ ಅಂಡ್ ಡಿವೈಸಸ್, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದ ಕೆಳಗೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಇದೆ. ಅದರಲ್ಲಿ ಫಾರ್ಮ್ಸ್ ತೆರೆದು, ಚೇಂಜ್ ಫಾರ್ಮ್ ಸೆಟ್ಟಿಂಗ್ಸ್ ಒತ್ತಿ, ಕ್ರಿಯೇಟ್ ಎ ನ್ಯೂ ಫಾರ್ಮ್ ಮುಂದೆ ಟಿಕ್ ಹಾಕಿ ‘ಅರ್ಧ ಪಟ್ಟಿ’ ಎಂಬಂಥ ಹೆಸರು ಕೊಟ್ಟು ಅಳತೆ ಬರೆದು ಉಳಿಸಿ. ನಂತರ ಪ್ರಿಂಟರಿನ ಪ್ರಿಂಟಿಂಗ್ ಪ್ರಿಫರೆನ್ಸಸ್ ಒಳಗೆ ಅದೇ ಹೆಸರನ್ನು ಆರಿಸಿ, ಬಿಲ್ ತಂತ್ರಾಂಶದಲ್ಲೂ ಆರಿಸಿ. ಮೂರರಲ್ಲಿ ಒಂದು ಕಡೆ ಮರೆತರೂ ಕಾಗದ ಜಾರುತ್ತದೆ. ಎರಡು ಪ್ರಿಂಟರ್ ಇರುವ ಅಂಗಡಿಯಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಎಂಬುದನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಕೊನೆಗೆ ಯಾವುದರಲ್ಲಿ ಪ್ರಿಂಟ್ ತೆಗೆದಿರೋ ಅದೇ ಮುಖ್ಯ ಪ್ರಿಂಟರ್ ಆಗುತ್ತದೆ, ಆಧಾರ್ ಝೆರಾಕ್ಸ್ ತೆಗೆದ ಲೇಸರಿಗೆ ಮುಂದಿನ ಪಟ್ಟಿ ಹೋಗಿ ಬೀಳುತ್ತದೆ.

ಕಾಟಾದ ಕೋಣೆಯ ಕಂಪ್ಯೂಟರಿನ ಫೋಲ್ಡರನ್ನು ಆಫೀಸಿನ ಕಂಪ್ಯೂಟರಿನಿಂದ ತೆರೆಯುವ ಏರ್ಪಾಡು ಬಹಳ ಕಡೆ ಇದೆ, ಅದೂ ಪಾಸ್‌ವರ್ಡ್ ಇಲ್ಲದೆ. 24ಎಚ್2 ಬಂದ ಮೇಲೆ ಪ್ರೋ ಆವೃತ್ತಿಯಲ್ಲಿ ಅದು ನಿಂತುಹೋಗುತ್ತದೆ. ಸಂಸ್ಥೆಯ ಭದ್ರತಾ ನಿಯಮವು ಗುರುತಿಲ್ಲದ ಅತಿಥಿಯನ್ನು ತಡೆದಿದೆ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಇಲ್ಲಿ ಯಾವ ಸಂಸ್ಥೆಯೂ ಇಲ್ಲ, ನಿಯಮ ವಿಂಡೋಸಿನದೇ. ಈ ತಡೆಯನ್ನು ತೆಗೆಯುವ ದಾರಿಗಳಿವೆ, ಅವನ್ನು ಹಿಡಿಯಬೇಡಿ. ಒಂದು ಕಂಪ್ಯೂಟರಿಗೆ ಹೊಕ್ಕ ಕೆಟ್ಟ ತಂತ್ರಾಂಶ ಉಳಿದವುಗಳ ಫೈಲುಗಳಿಗೂ ಬೀಗ ಹಾಕುವುದು ಇಂಥ ತೆರೆದ ಫೋಲ್ಡರುಗಳ ಮೂಲಕವೇ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಒಂದು ಲೋಕಲ್ ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಫೋಲ್ಡರಿನ ಶೇರಿಂಗಿನಲ್ಲಿ ಆ ಯೂಸರಿಗೆ ಅನುಮತಿ ಕೊಡಿ. ಆಫೀಸಿನ ಕಂಪ್ಯೂಟರಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಒಮ್ಮೆ ಬರೆದಿಟ್ಟರೆ ಮುಂದೆ ಕೇಳುವುದಿಲ್ಲ. ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು, ಪಾಸ್‌ವರ್ಡೇ ಬೇಕು; ಅರ್ಧ ದಿನ ತಿನ್ನುವ ತಪ್ಪು ಇದೇ.

ಅಚ್ಚಿಗೆ ಪುಟ ಜೋಡಿಸಿ ಕೊಡುವ ಡಿಟಿಪಿ ಅಂಗಡಿಗಳ ಸಂಕಟ ಬೇರೆ. ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಹತ್ತಿರ ಬಂದಾಗ ಕರಪತ್ರ, ಬ್ಯಾನರ್, ಮದುವೆ ಕಾರ್ಡುಗಳ ನಡುವೆ ಹಳೆಯ ಫೈಲೊಂದನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ ಇಟ್ಟ ಅಕ್ಷರ. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಇರುವುದು ಫಾಂಟಿನ ಆಕಾರದಲ್ಲಿ ಮಾತ್ರ, ಫೈಲಿನ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಫಾಂಟ್ ಹಾಕಿದ ಮೇಲೂ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಕಾಣದಿದ್ದರೆ ಅದಕ್ಕೊಂದು ಕಾರಣವಿದೆ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಸುಮ್ಮನೆ ಇನ್‌ಸ್ಟಾಲ್ ಒತ್ತಿದರೆ ಫಾಂಟು ಆ ಒಬ್ಬ ಬಳಕೆದಾರನ ಫೋಲ್ಡರಿಗೆ ಮಾತ್ರ ಹೋಗುತ್ತದೆ, ಹಳೆಯ ತಂತ್ರಾಂಶಗಳು ಹಲವು ಅಲ್ಲಿ ಹುಡುಕುವುದೇ ಇಲ್ಲ. ಎಲ್ಲ ಫಾಂಟು ಆರಿಸಿ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ. ತುಂಗಾ ಫಾಂಟಿನಲ್ಲಿ ಮಾಡಿದ ಫೈಲುಗಳು ಮುಖ ಬದಲಿಸಿ ಸಾಲು ಜಾರಿದರೆ, ತುಂಗಾ ಈಗ ತಾನಾಗಿ ಬರುವುದಿಲ್ಲ ಎಂಬುದೇ ಕಾರಣ. ಸಿಸ್ಟಮ್, ಆಪ್ಷನಲ್ ಫೀಚರ್ಸ್ ಒಳಗೆ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹುಡುಕಿ ಸೇರಿಸಿಕೊಳ್ಳಬೇಕು. ವಿಂಡೋಸಿನ ಸ್ವಂತ ಕನ್ನಡ ಕೀಲಿಮಣೆ ಸೇರಿಸಿದ್ದರೆ, ನುಡಿಯಲ್ಲಿ ಟೈಪ್ ಮಾಡುವಾಗ ಕೆಳಗೆ ಇಂಗ್ಲಿಷ್ ಇದೆಯೇ ನೋಡಿಕೊಳ್ಳಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ಎರಡೂ ಒಟ್ಟಿಗೆ ಕನ್ನಡ ಬರೆಯಲು ಹೊರಟರೆ ಅಕ್ಷರಗಳು ಕಲಸಿಹೋಗುತ್ತವೆ. ಹೊಸ ಕೆಲಸವನ್ನಾದರೂ ಫೈಲಿನ ಒಳಗೂ ಕನ್ನಡವಾಗಿಯೇ ಉಳಿಯುವ ಯೂನಿಕೋಡಿನಲ್ಲೇ ಶುರು ಮಾಡಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ. ಹಳೆಯದನ್ನು ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಿರಬಹುದು, ಒಮ್ಮೆ ಓದಿಯೇ ಅಚ್ಚಿಗೆ ಕಳಿಸಿ.

ಖಾತೆಯ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬೇಡಿ. ಹೊಸ ಕಂಪ್ಯೂಟರನ್ನು ಮೊದಲ ಸಲ ತೆರೆಯುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಮಾಲೀಕರು ‘ಏನರ ಹಾಕಪ್ಪಾ’ ಅನ್ನುತ್ತಾರೆ, ಹಾಕಲು ಬಂದ ಹುಡುಗ ತನ್ನ ಇಮೇಲ್ ಹಾಕಿ ಹೋಗುತ್ತಾನೆ. 24ಎಚ್2ನಲ್ಲಿ ಹೊಸದಾಗಿ ಹಾಕಿದ ಕಂಪ್ಯೂಟರುಗಳಲ್ಲಿ ಹೀಗೆ ಖಾತೆಯಿಂದ ಒಳಹೊಕ್ಕ ಕೂಡಲೇ ಡಿಸ್ಕಿಗೆ ಗೂಢಲಿಪಿಯ ಬೀಗ ತಾನಾಗಿ ಬೀಳುವುದು ಸಾಮಾನ್ಯ. ಅದರ 48 ಅಂಕಿಯ ಕೀಲಿ ಹೋಗಿ ಕೂರುವುದು ಆ ಇಮೇಲಿನ ಖಾತೆಯಲ್ಲಿ. ವರ್ಷದ ನಂತರ ಮದರ್‌ಬೋರ್ಡ್ ಬದಲಿಸಿದಾಗಲೋ ಬಯೋಸಿನಲ್ಲಿ ಏನೋ ಮುಟ್ಟಿದಾಗಲೋ ನೀಲಿ ಪರದೆ ಬಂದು ಆ 48 ಅಂಕಿ ಕೇಳುತ್ತದೆ. ಹುಡುಗ ಬೆಂಗಳೂರಿಗೆ ಹೋಗಿರುತ್ತಾನೆ. ಕೀಲಿ ಇಲ್ಲದೆ ಆ ಡೇಟಾವನ್ನು ಯಾರೂ ತೆಗೆಯಲಾರರು. ಖಾತೆ ಮಾಲೀಕರ ಫೋನಿನ ಮೇಲೇ ಇರಲಿ. ಪ್ರೈವಸಿ ಅಂಡ್ ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ, ಇದ್ದರೆ ಕೀಲಿಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ.

ಅದೇ ಖಾತೆಯ ಬೆನ್ನಿಗೆ ಒನ್‌ಡ್ರೈವ್ ಬಂದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ತನ್ನ ಫೋಲ್ಡರಿಗೆ ಸರಿಸಿಕೊಳ್ಳುತ್ತದೆ. ಉಚಿತ ಜಾಗ 5 ಜಿಬಿ. ತುಂಬಿದ ಮೇಲೆ ಎಚ್ಚರಿಕೆ ಶುರು. ಬೇಸತ್ತು ಆಫ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ. ‘ಫೈಲ್ ಎಲ್ಲಾ ಹೋಗ್ಯಾವ್ರಿ’ ಎಂದು ಎದೆ ಒಡೆದುಕೊಳ್ಳುವ ಮೊದಲು ಒನ್‌ಡ್ರೈವ್ ಫೋಲ್ಡರಿನ ಒಳಗಿನ ಡೆಸ್ಕ್‌ಟಾಪ್ ನೋಡಿ, ಅಲ್ಲೇ ಇರುತ್ತವೆ. ಕಾಪಿ ಮಾಡಿ ಹಳೆಯ ಜಾಗಕ್ಕೆ ತನ್ನಿ.

ದಿನಾಂಕವನ್ನು ಮೊದಲ ದಿನವೇ ಸರಿಪಡಿಸಿ. ಪ್ರಾಂತ್ಯ ಅಮೆರಿಕ ಎಂದಿದ್ದರೆ 05-04 ಎಂಬುದು ಎಕ್ಸೆಲ್ಲಿನಲ್ಲಿ ಮೇ 4 ಆಗುತ್ತದೆ, ಏಪ್ರಿಲ್ 5 ಆಗುವುದಿಲ್ಲ. 13ನೇ ತಾರೀಖಿನಿಂದ ಮುಂದೆ ತಪ್ಪು ಎದ್ದು ಕಾಣುತ್ತದೆ, ಮೊದಲ 12 ದಿನ ಕಾಣುವುದೇ ಇಲ್ಲ. ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ರೀಜನಲ್ ಫಾರ್ಮ್ಯಾಟ್ ಇಂಗ್ಲಿಷ್ ಇಂಡಿಯಾ ಮಾಡಿದರೆ ಲಕ್ಷ, ಕೋಟಿಗಳ ಅಲ್ಪವಿರಾಮವೂ ನಮ್ಮ ರೀತಿಗೆ ಬರುತ್ತದೆ. ಟ್ಯಾಲಿ ಇದ್ದವರು ಬದಲಾವಣೆಗೆ ಮುಂಚೆ ಆಲ್ಟ್ ವೈ ಒತ್ತಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ. ಯಂತ್ರವನ್ನೇ ಬದಲಿಸುವುದಾದರೆ ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡದೆ ಅದನ್ನು ಮುಟ್ಟಬೇಡಿ.

ಡಾಸ್ ಕಾಲದಲ್ಲಿ ಫಾಕ್ಸ್‌ಪ್ರೋದಲ್ಲಿ ಬರೆಸಿಕೊಂಡ ಲೆಕ್ಕದ ಪ್ರೋಗ್ರಾಂ ಇಟ್ಟುಕೊಂಡವರಿಗೆ ಬೇರೆಯದೇ ಮಾತು. 16 ಬಿಟ್ಟಿನ ಪ್ರೋಗ್ರಾಮುಗಳು 64 ಬಿಟ್ ವಿಂಡೋಸಿನಲ್ಲಿ ಏಳುವುದೇ ಇಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಹಳೆಯ ಲೆಕ್ಕ ತೆರೆದು ನೋಡಬಹುದು, ದಿನದ ವ್ಯವಹಾರವನ್ನು ಅದರ ಮೇಲೆ ನಡೆಸುವುದು ಬೇಡ. ಇಲ್ಲವೇ ಹಳೆಯ ಕಂಪ್ಯೂಟರನ್ನೇ ನೆಟ್‌ವರ್ಕ್ ಕೇಬಲ್ ಕಿತ್ತು ಮೂಲೆಯಲ್ಲಿಡಿ. ಹಿಂದಿನ ವರ್ಷಗಳ ಖಾತೆ ತಾಳೆ ನೋಡುವಾಗ ಅದು ಬೇಕಾಗುತ್ತದೆ.

ಎಲ್ಲ ಆದ ಮೇಲೆ ಮೊದಲ ಎರಡು ದಿನ ಯಂತ್ರ ನಿಧಾನವಿರುತ್ತದೆ, ಫ್ಯಾನ್ ಕೂಗುತ್ತದೆ. ಹುಡುಕಾಟಕ್ಕೆಂದು ಒಳಗಿನ ಫೈಲುಗಳನ್ನೆಲ್ಲ ಅದು ಹೊಸದಾಗಿ ಪಟ್ಟಿ ಮಾಡುತ್ತಿರುತ್ತದೆ. ಅಷ್ಟರಲ್ಲೇ ತೀರ್ಪು ಕೊಡಬೇಡಿ. ಮೂರನೆಯ ದಿನವೂ ಕೂಗುತ್ತಿದ್ದರೆ ಕ್ಯಾಬಿನೆಟ್ ಬಿಚ್ಚಿ ನೋಡಿ. ಬಳ್ಳಾರಿ, ಸಂಡೂರಿನ ಕೆಂಧೂಳು, ಜಿನ್ನಿಂಗಿನ ಹತ್ತಿ ಎಳೆ ಪ್ರೊಸೆಸರಿನ ಫ್ಯಾನಿಗೆ ಹೊದಿಕೆಯಂತೆ ಸುತ್ತಿಕೊಂಡಿರುತ್ತವೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಗೆ ಅತಿವೇಗವಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ.

ಒಂದೇ ಕಂಪ್ಯೂಟರಿನಲ್ಲಿ ಹಿರಿಯ ಗುಮಾಸ್ತರೂ ಹೊಸ ಹುಡುಗನೂ ಕೂರುವ ಅಂಗಡಿಯಾದರೆ ಇಬ್ಬರಿಗೂ ಬೇರೆಬೇರೆ ಲಾಗಿನ್ ಮಾಡಿಕೊಡಿ. ಟಾಸ್ಕ್‌ಬಾರಿನ ಹೊಂದಾಣಿಕೆ ಪ್ರತಿ ಲಾಗಿನ್ನಿಗೂ ಪ್ರತ್ಯೇಕ. ಹುಡುಗನ ಬಟನ್ ನಡುವಿನಲ್ಲಿರಲಿ, ಗುಮಾಸ್ತರದು ಎಡಮೂಲೆಯಲ್ಲೇ ಇರಲಿ. ಕಾಮ್ ಪೋರ್ಟ್, ಪ್ರಿಂಟ್ ಸರ್ವರಿನಲ್ಲಿ ಬರೆದಿಟ್ಟ ಕಾಗದದ ಅಳತೆ, ಎಲ್ಲ ಬಳಕೆದಾರರಿಗೆಂದು ಹಾಕಿದ ಫಾಂಟ್ ಇಬ್ಬರಿಗೂ ಒಂದೇ ಆಗಿರುತ್ತವೆ. ಮುಖ್ಯ ಪ್ರಿಂಟರ್ ಯಾವುದು, ಪ್ರಿಂಟಿಂಗ್ ಪ್ರಿಫರೆನ್ಸಸ್ ಒಳಗೆ ಆರಿಸಿದ ಕಾಗದ ಯಾವುದು, ದಿನಾಂಕ ಹೇಗೆ ಎಂಬುದನ್ನು ಮಾತ್ರ ಎರಡೂ ಕಡೆ ಒಮ್ಮೊಮ್ಮೆ ನೋಡಿ ಸರಿಪಡಿಸಿಕೊಳ್ಳಬೇಕು.